ಕಾಯುವ ಮನೆ

ಬರುವವರು ಬಂದೇ ಬರುತ್ತಾರೆಂಬ ಭರವಸೆ ಇಲ್ಲದಿದ್ದಾಗಲೂ ಅವರ ಬರವಿಗಾಗಿ ಮನೆಯನ್ನು ಅಣಿಗೊಳಿಸುವುದು ವಿವೇಕವೇ? ಅಥವಾ ಅದು ನಮ್ಮನ್ನು ನಾವೇ ವಂಚಿಸಿಕೊಳ್ಳುವ ಒಂದು ಸುಂದರವಾದ ಉಪಾಯವೇ? ಈ ಪ್ರಶ್ನೆ ನನಗೆ ದರ್ಶನಗ್ರಂಥಗಳಿಂದ ಬಂದದ್ದಲ್ಲ. ನೆರೆಮನೆಯ ಊಟದ ಮೇಜಿನಿಂದ ಬಂದದ್ದು. ಆದ್ದರಿಂದ ಆ ಮೇಜಿನಿಂದಲೇ ಪ್ರಾರಂಭಿಸುತ್ತೇನೆ.

2016ರಲ್ಲಿ ನನಗೆ ಮಂಗಳೂರಿಗೆ ವರ್ಗವಾಯಿತು. ಹಳೆಯ ಮೈಸೂರಿನ ಕಡೆಯವನಾದ ನನಗೆ ಆ ಊರಿನ ಮಳೆ, ಕುಚ್ಚಲಕ್ಕಿಯ ಅನ್ನ, ಪುಸ್ತಕದಿಂದ ಎದ್ದು ಬಂದಂಥ ಅಲ್ಲಿಯ ಕನ್ನಡ, ಎಲ್ಲವೂ ಹೊಸದು. ನಾವು ಬಾಡಿಗೆಗೆ ಹಿಡಿದ ಮನೆಯ ಪಕ್ಕದಲ್ಲಿ ವಯಸ್ಸಾದ ಕೆಥೊಲಿಕ್ ದಂಪತಿಗಳಿದ್ದರು. ಬೀದಿಯವರೆಲ್ಲ ಆ ಮನೆಯ ಯಜಮಾನಿಯನ್ನು ಬಾಯಮ್ಮ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಅವರ ಪಾಲಿಗೆ ನಾನು 'ಮಾಸ್ಟ್ರು'. ಅವರ ಒಬ್ಬನೇ ಮಗ ಕುವೈತಿನಲ್ಲಿ ಕೆಲಸದಲ್ಲಿದ್ದ.

ಆ ವರ್ಷ ನವೆಂಬರಿನ ಕೊನೆಯ ಭಾನುವಾರ ಸಂಜೆ ನಮಗೆ ಕರೆ ಬಂತು. ಹೋಗಿ ನೋಡಿದರೆ ಮೇಜಿನ ನಡುವೆ, ಕೊಡದ ಕೆಳಗಿಡುವ ಸಿಂಬೆಯನ್ನು ದೊಡ್ಡದು ಮಾಡಿದ ಹಾಗೆ, ಹಸಿರೆಲೆ ಸುತ್ತಿದ ಒಂದು ಬಳೆ. ಅದರಲ್ಲಿ ನೆಟ್ಟಿದ್ದ ನಾಲ್ಕು ಮೇಣದ ಬತ್ತಿಗಳು: ಮೂರು ನೇರಿಳೆ ಬಣ್ಣದವು, ಒಂದು ಗುಲಾಬಿ ಬಣ್ಣದ್ದು. ಮೊದಲ ಬತ್ತಿಯನ್ನು ಎಲ್ಲರಿಗಿಂತ ಚಿಕ್ಕವರು ಹಚ್ಚಬೇಕೆಂಬುದು ಆ ಮನೆಯ ರೂಢಿ. ಚಿಕ್ಕವರೆನ್ನಲು ಅಲ್ಲಿ ಈಗ ಯಾರೂ ಇರಲಿಲ್ಲವಾಗಿ ಏಳು ವರ್ಷದ ನನ್ನ ಮಗಳಿಗೆ ಆ ಗೌರವ ದೊರೆಯಿತು. ಅವಳು ಒಂದನ್ನು ಹಚ್ಚಿ, ಮಕ್ಕಳ ಸಹಜ ಉತ್ಸಾಹದಿಂದ ಎರಡನೆಯದಕ್ಕೆ ಕೈ ಚಾಚಿದಳು. ಬಾಯಮ್ಮ ಮೆಲ್ಲನೆ ಆ ಕೈ ಹಿಡಿದುಕೊಂಡರು. "ಅದು ಈಗಲ್ಲ ಮಗಾ. ವಾರಕ್ಕೆ ಒಂದೇ."

"ಮಗ ಈ ಸಲ ಬರುತ್ತಾರೋ?" ಎಂದು ನಾನು ಕೇಳಿದೆ. ರಜೆ ಸಿಕ್ಕಿಲ್ಲವೆಂದೂ ಬರುವುದಿಲ್ಲವೆಂದೂ ಹೇಳಿದರು. "ಹಾಗಾದರೆ ಇದೆಲ್ಲ..." ಎಂದು ಶುರುಮಾಡಿ ನಾನು ಮಾತನ್ನು ಅಲ್ಲಿಗೇ ನುಂಗಿದೆ. ಅಧ್ಯಾಪಕನ ನಾಲಗೆ, ಎಲ್ಲಿ ಬೇಕಾದರೂ ಪ್ರಶ್ನೆ ಕೇಳುತ್ತದೆ. ಆದರೆ ಆಕೆಗೆ ಪ್ರಶ್ನೆಯ ಉಳಿದರ್ಧವೂ ಕೇಳಿಸಿತ್ತು.

"ಅವ ಬರ್ತಾನೆ ಅಂತ ಹಚ್ಚುವುದಲ್ಲ ಮಾಸ್ಟ್ರೇ. ಆದಿತ್ಯವಾರ ಬಂತಲ್ಲ, ಅದಕ್ಕೆ ಹಚ್ಚುವುದು."

ಅಂದು ಅದು ನನಗೆ ಉತ್ತರವೆಂದೇ ತೋರಲಿಲ್ಲ.

'ಆಡ್ವೆಂಟ್' ಎಂಬುದು ಲ್ಯಾಟಿನ್ ಮೂಲದ ಮಾತು. 'ಬರವು' ಎಂದು ಅದರ ಅರ್ಥ. ನಮ್ಮ ಕನ್ನಡ ಕ್ರೈಸ್ತರು ಇದನ್ನು 'ಆಗಮನ ಕಾಲ' ಎನ್ನುತ್ತಾರೆ. ಕ್ರಿಸ್‌ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿ ಇದು. ಮೊದಲನೆಯ ಭಾನುವಾರ ನವೆಂಬರ್ 27ಕ್ಕಿಂತ ಮುಂಚೆ ಬರುವುದಿಲ್ಲ, ಡಿಸೆಂಬರ್ 3ನ್ನು ದಾಟುವುದಿಲ್ಲ. ಚರ್ಚಿನಲ್ಲಿ ಈ ಕಾಲದ ಆಚರಣೆ ಬಹಳ ಹಿಂದಿನದು. ಪ್ರಾರ್ಥನೆ ಮತ್ತು ಸಂಯಮ ಅಲ್ಲಿ ಮುಖ್ಯ. ಮನೆಯೊಳಗಿನ ಪದ್ಧತಿಗಳು ಅಷ್ಟು ಹಳೆಯವಲ್ಲ. ಬತ್ತಿಗಳ ಹಸಿರು ಬಳೆ, ದಿನ ಎಣಿಸುವ ಪಂಚಾಂಗ ಇವೆಲ್ಲ ಜರ್ಮನಿಯ ಕಡೆ, ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ಬೆಳೆದುಕೊಂಡು ಬಂದವು. ಅಲ್ಲಿಯ ಚಳಿಗಾಲವೂ ಇದಕ್ಕೆ ಒಂದು ಕಾರಣವಿರಬೇಕು. ಉತ್ತರ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಡಿಸೆಂಬರಿನ ಮೂರನೆಯ ವಾರದ ಹೊತ್ತಿಗೆ ಹಗಲು ಸುಮಾರು ಏಳೂವರೆ ಗಂಟೆ ಮಾತ್ರ. ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಅಂಥ ಕತ್ತಲೆಯಲ್ಲಿ ಒಂದೊಂದೇ ದೀಪ ಹೆಚ್ಚಿಸುತ್ತ ಹೋಗುವುದರ ಅರ್ಥವನ್ನು, ವರ್ಷವಿಡೀ ಬಿಸಿಲು ಉಣ್ಣುವ ನಾವು ಊಹಿಸಿಯೇ ತಿಳಿಯಬೇಕು.

ಆ ಹ್ಯಾಂಬರ್ಗಿನ ಹೊರವಲಯದಲ್ಲಿ ಯೋಹಾನ್ ಹಿನ್ರಿಕ್ ವಿಖರ್ನ್ ಎಂಬ ಯುವಕ 1833ರಲ್ಲಿ ಒಂದು ಆಶ್ರಯಧಾಮವನ್ನು ತೆರೆದ. ನಗರದ ಬಡ ಕೇರಿಗಳಲ್ಲಿ ದಿಕ್ಕಿಲ್ಲದೆ ಬೆಳೆಯುತ್ತಿದ್ದ ಮಕ್ಕಳನ್ನು ಅಲ್ಲಿಗೆ ಕರೆತಂದು, ಹತ್ತು ಹನ್ನೆರಡು ಮಕ್ಕಳಿಗೊಂದು 'ಕುಟುಂಬ'ವೆಂದು ವಿಂಗಡಿಸಿ, ಓದಿಸಿ, ಕೆಲಸ ಕಲಿಸಿದ. ಚಳಿಗಾಲ ಬಂತೆಂದರೆ ಮಕ್ಕಳು ದಿನಬೆಳಗಾದರೆ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: ಕ್ರಿಸ್‌ಮಸ್ ಇನ್ನೆಷ್ಟು ದಿನ? 1839ರಲ್ಲಿ ವಿಖರ್ನ್ ಒಂದು ಗಾಡಿಯ ಚಕ್ರ ತಂದು, ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿಯ ಬತ್ತಿಗಳನ್ನೂ ಉಳಿದ ದಿನಗಳಿಗೆ ಒಂದೊಂದರಂತೆ ಚಿಕ್ಕ ಕೆಂಪು ಬತ್ತಿಗಳನ್ನೂ ಅದರ ಮೇಲೆ ನಿಲ್ಲಿಸಿದ. ದಿನಕ್ಕೊಂದು ಬತ್ತಿ ಹೊತ್ತುತ್ತಿದ್ದರೆ ಮಕ್ಕಳು ತಾವೇ ಎಣಿಸಿಕೊಳ್ಳುತ್ತಿದ್ದರು. ಮುಂದೆ ಚಕ್ರಕ್ಕೆ ಹಸಿರು ಕೊಂಬೆ ಸುತ್ತಿದರು. ಮನೆಗಳಿಗೆ ಬಂದಾಗ ಅದು ನಾಲ್ಕೇ ಬತ್ತಿಗಳ ಪುಟ್ಟ ಬಳೆಯಾಯಿತು. ಪ್ರಾಟೆಸ್ಟಂಟರ ನಡುವೆ ಹುಟ್ಟಿದ ಈ ಪದ್ಧತಿ ಕೆಥೊಲಿಕರಿಗೂ ಹಿಡಿಸಿತು; 1925ರಲ್ಲಿ ಕೊಲೋನ್ ನಗರದ ಕೆಥೊಲಿಕ್ ಚರ್ಚಿನಲ್ಲಿ ಮೊದಲ ಬಾರಿಗೆ ಅದನ್ನು ತೂಗುಹಾಕಿದರೆಂದು ದಾಖಲೆಯಿದೆ.

ಎಣಿಸಲು ಬೇರೆ ದಾರಿಗಳೂ ಇದ್ದವು. ಕೆಲವು ಮನೆಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತನಾಲ್ಕು ಗೆರೆ ಎಳೆಯುತ್ತಿದ್ದರು. ಮಕ್ಕಳು ದಿನಕ್ಕೊಂದು ಅಳಿಸಬೇಕು. ಇನ್ನು ಕೆಲವು ಮನೆಗಳಲ್ಲಿ ಶಿಶುವನ್ನು ಮಲಗಿಸುವ ಗೋದಲಿಗೆ ದಿನಕ್ಕೊಂದು ಹುಲ್ಲುಕಡ್ಡಿ ಹಾಕುತ್ತಿದ್ದರು. ಗೆರ್‌ಹಾರ್ಟ್ ಲಾಂಗ್ ಎಂಬ ಹುಡುಗನ ತಾಯಿ ರಟ್ಟಿನ ಹಾಳೆಗೆ ಇಪ್ಪತ್ತನಾಲ್ಕು ಸಿಹಿ ತಿಂಡಿಗಳನ್ನು ಅಂಟಿಸಿಕೊಟ್ಟಿದ್ದಳಂತೆ. ಆ ಹುಡುಗ ಬೆಳೆದು ಮ್ಯೂನಿಕ್ಕಿನಲ್ಲಿ ಮುದ್ರಕನಾಗಿ, ಆ ನೆನಪಿನಿಂದಲೇ 1908ರಲ್ಲಿ ಆಡ್ವೆಂಟ್ ಪಂಚಾಂಗವನ್ನು ಅಚ್ಚು ಹಾಕಿಸಿದ. ತೆರೆಯುವ ಪುಟ್ಟ ಬಾಗಿಲುಗಳು ಅದಕ್ಕೆ ಬಂದದ್ದು ಆಮೇಲೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೆ ಅಭಾವವಾಗಿ ಇವು ನಿಂತುಹೋದವು. ಬಾಂಬುಗಳಿಂದ ಹಾಳಾಗಿದ್ದ ಷ್ಟುಟ್‌ಗಾರ್ಟಿನಲ್ಲಿ 1946ರಲ್ಲಿ ರಿಚಾರ್ಡ್ ಸೆಲ್ಮರ್ ಎಂಬಾತ ಮತ್ತೆ ಅವನ್ನು ಹೊರತಂದ. ಅವನ ಪಂಚಾಂಗದ ಚಿತ್ರ ಒಂದು ಪುಟ್ಟ ಊರಿನದು. ಸುತ್ತಲೂ ಮನೆಗಳು ಕಲ್ಲುಗುಪ್ಪೆಯಾಗಿದ್ದಾಗ ಮಕ್ಕಳು ಕಾಗದದ ಮನೆಗಳ ಬಾಗಿಲು ತೆರೆದು ಒಳಗೆ ಇಣುಕಿದರು.

ಈ ಸಣ್ಣ ಪದ್ಧತಿಗಳಲ್ಲಿ ನೆಮ್ಮದಿ ಎಲ್ಲಿದೆ ಎಂದು ನೋಡೋಣ. ಕಾಯುವುದರಲ್ಲಿ ಅತ್ಯಂತ ಕಷ್ಟವಾದದ್ದು ಅದರ ಉದ್ದವಲ್ಲ, ಅದಕ್ಕೆ ಹಿಡಿಯಿಲ್ಲದಿರುವುದು. ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತವರಿಗೆ ಇದು ಗೊತ್ತು. ಒಂದು ಗಂಟೆ ಎಂದರೆ ಕುಳಿತೇವು, ನಾಲ್ಕು ಗಂಟೆ ಎಂದರೂ ಕುಳಿತೇವು. 'ನೋಡೋಣ' ಎಂದರೆ ಹತ್ತು ನಿಮಿಷವೂ ಭಾರ. ಕತ್ತಲೆಯ ಕಾಲವನ್ನು ಬತ್ತಿಗಳಾಗಿ, ಗೆರೆಗಳಾಗಿ, ಹುಲ್ಲುಕಡ್ಡಿಗಳಾಗಿ ಒಡೆದಾಗ ಅದು ಮಗುವಿನ ಕೈಗೂ ಸಿಕ್ಕುತ್ತದೆ. ಎರಡನೆಯದಾಗಿ, ಏನು ಮಾಡಬೇಕೆಂದು ಯಾರೂ ಯೋಚಿಸಬೇಕಾಗಿಲ್ಲ. ಬದುಕು ದಿನಕ್ಕೆ ನೂರು ನಿರ್ಧಾರಗಳನ್ನು ಬೇಡುತ್ತದೆ. ದುಃಖದಲ್ಲಿರುವವನಿಗೆ ಒಂದು ನಿರ್ಧಾರವೂ ಬೆಟ್ಟ. ಅಂಥವನಿಗೆ, 'ಇವತ್ತು ಎರಡನೆಯ ಬತ್ತಿ' ಎಂದು ಹೇಳಿಕೊಡುವ ಒಂದು ಭಾನುವಾರವಿದ್ದರೆ ಅಷ್ಟರಮಟ್ಟಿಗೆ ಆ ದಿನ ಅವನನ್ನು ಹೊತ್ತು ಸಾಗುತ್ತದೆ. ಬಾಯಮ್ಮನ ಮಾತು ನನಗೆ ಅರ್ಥವಾಗತೊಡಗಿದ್ದು ಹೀಗೆ. ಮಗನ ಬರವು ಆಕೆಯ ಕೈಯಲ್ಲಿರಲಿಲ್ಲ. ಭಾನುವಾರದ ಬರವನ್ನು ಯಾವ ಕಂಪೆನಿಯ ಯಜಮಾನನೂ ತಡೆಯುವಂತಿರಲಿಲ್ಲ.

ಇದನ್ನು ಇಷ್ಟು ನಿಧಾನವಾಗಿ ಬಿಡಿಸಿ ಹೇಳುವುದಕ್ಕೆ ನನಗೊಂದು ಸ್ವಂತ ಕಾರಣವುಂಟು. ಹೇಳಿಕೊಳ್ಳಲು ಹಿತವಾದದ್ದಲ್ಲ, ಆದರೂ ಹೇಳಬೇಕು.

ಅದೇ 2016ರ ಡಿಸೆಂಬರಿನಲ್ಲಿ ಬಾಯಮ್ಮನ ಮನೆಯಲ್ಲಿ 'ಕುಸ್ವಾರ್' ತಯಾರಿ ನಡೆದಿತ್ತು. ಕ್ರಿಸ್‌ಮಸ್ಸಿಗಾಗಿ ಕರಾವಳಿಯ ಕೆಥೊಲಿಕರು ಮಾಡುವ ತಿಂಡಿಗಳಿಗೆಲ್ಲ ಒಟ್ಟಾಗಿ ಈ ಹೆಸರು: ನೆವ್ರಿ, ಗುಳಿಯೊ, ತುಕ್ಡಿ, ಹೂವಿನಾಕಾರದ ಕೊಕ್ಕಿಸಾಂ, ಮತ್ತೆ ಹೊಸ ಬಾಚಣಿಗೆಯ ಮೇಲೆ ಹಿಟ್ಟನ್ನೊತ್ತಿ ಸುರುಳಿ ಮಾಡಿದ ಕಿಡಿಯೊ. ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು ಎಂದು ಕೇಳಿ ನನ್ನ ಮಗಳು ನಕ್ಕದ್ದೇ ನಕ್ಕದ್ದು. ಹಬ್ಬದ ದಿನ ಈ ತಿಂಡಿಗಳ ತಟ್ಟೆ ಜಾತಿಮತ ನೋಡದೆ ನೆರೆಹೊರೆಯ ಮನೆಗಳಿಗೆಲ್ಲ ಹೋಗುತ್ತದೆ. ಹಿಟ್ಟೊತ್ತಲು ನನ್ನ ಹೆಂಡತಿಯೂ ಕುಳಿತಿದ್ದಳು. ನಾನು ನೀರು ಕೇಳಿಕೊಂಡು ಅಡಿಗೆಮನೆಯ ಹಿಂದಕ್ಕೆ ಹೋದೆ. ಅಲ್ಲಿ ಕಟ್ಟೆಯ ಮೇಲೆ ನಾಲ್ಕಾರು ತೆಂಗಿನ ಚಿಪ್ಪುಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತಿದ್ದರು. ಒಂದು ಅಂಗುಲದಷ್ಟು ಪೈರು. ಗೋದಲಿಯ ಸುತ್ತ ಹುಲ್ಲುಗಾವಲಿನಂತೆ ಇಡಲು ಅದು ಬೇಕಂತೆ. ಅದನ್ನು ನೋಡುತ್ತ ನಾನು ನಿಂತಲ್ಲೇ ನಿಂತೆ.

ನನ್ನ ತಂದೆ ತೀರಿಕೊಂಡ ಮೇಲೆ, 2010ರಲ್ಲಿ, ತಾಯಿಯನ್ನು ಮೈಸೂರಿನಿಂದ ಬೆಂಗಳೂರಿನ ನಮ್ಮ ಬಾಡಿಗೆ ಮನೆಗೆ ಕರೆತಂದೆ. ಅವಳ ಜೊತೆ ಒಂದು ಮರದ ಪೆಟ್ಟಿಗೆಯೂ ಬಂತು. ಅದರ ತುಂಬ ನವರಾತ್ರಿಯ ಬೊಂಬೆಗಳು. ನಮ್ಮದು ಎರಡು ಕೋಣೆಯ ಮನೆ. "ಈ ವರ್ಷ ಬೊಂಬೆ ಕೂರಿಸೋಕೆ ಜಾಗ ಇಲ್ಲಮ್ಮ" ಎಂದೆ. ಜಾಗದ ಮಾತು ನೆಪ. ಹಲಗೆ ಜೋಡಿಸುವುದು, ಹತ್ತು ದಿನ ಆರತಿ, ಬಂದುಹೋಗುವವರ ಸಡಗರ ಇವೆಲ್ಲ ಅರ್ಥ ಕಳೆದುಕೊಂಡ ಸಂಪ್ರದಾಯವೆಂದು ನನ್ನ ಆಗಿನ ತಿಳಿವಳಿಕೆ. ಅವಳು, "ಆಗಲಿ ಬಿಡಪ್ಪ" ಎಂದಳು. ಪೆಟ್ಟಿಗೆ ಅಟ್ಟ ಸೇರಿತು. ಆದರೆ ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಕಿಟಕಿಯ ಬಳಿ ಒಂದು ತೆಂಗಿನ ಚಿಪ್ಪು ಕಾಣಿಸಿಕೊಂಡಿತು. ಅದರಲ್ಲಿ ರಾಗಿ ಮೊಳೆಯುತ್ತಿತ್ತು. ಮೈಸೂರಿನ ಕಡೆ ಬೊಂಬೆಗಳ ಮುಂದೆ ಉದ್ಯಾನ ಮಾಡಲು ರಾಗಿಯ ಪೈರು ಬೆಳೆಸುವುದು ರೂಢಿ. ನಮ್ಮಲ್ಲಿ ಬೊಂಬೆಗಳಿರಲಿಲ್ಲ, ಪೈರು ಮಾತ್ರ ಇತ್ತು. 2011ರಲ್ಲೂ ಇತ್ತು, 2012ರಲ್ಲೂ ಇತ್ತು. ಅವಳು ಬೆಳಗ್ಗೆ ಎದ್ದು ಅದಕ್ಕೆ ಒಂದು ಚಮಚ ನೀರು ಚಿಮುಕಿಸುತ್ತಿದ್ದಳು. ವಯಸ್ಸಾದವರ ಒಂದು ಹವ್ಯಾಸವೆಂದುಕೊಂಡು ನಾನು ಕೇಳಲೂ ಇಲ್ಲ. 2013ರ ಬೇಸಿಗೆಯಲ್ಲಿ ಅವಳು ಹೋದಳು.

ಮಂಗಳೂರಿನ ಆ ಹಿತ್ತಿಲಿನಲ್ಲಿ ನಿಂತು, ನಾನು ಅವಳಿಂದ ಕಿತ್ತುಕೊಂಡದ್ದು ಏನೆಂಬುದು ನನಗೆ ಹೊಳೆಯಿತು. ಹಬ್ಬವನ್ನು ಮಾತ್ರವೇ ಆಗಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಗಂಡ ಹೋಗಿ, ಊರು ಬಿಟ್ಟು, ಇನ್ನೇನೂ ಬರಬೇಕಾದ್ದು ಉಳಿಯದ ಹೆಂಗಸಿಗೆ 'ಇನ್ನು ನಾಲ್ಕು ದಿನ' ಎಂದು ಎಣಿಸುವುದಕ್ಕೆ ಒಂದು ನೆಲೆಯನ್ನೂ ನಾನು ಉಳಿಸಿರಲಿಲ್ಲ. ಅವಳು ಜಗಳವಾಡಲಿಲ್ಲ. ತನಗೆ ಬೇಕಾದಷ್ಟನ್ನು ಒಂದು ಚಿಪ್ಪಿನಲ್ಲಿ ಉಳಿಸಿಕೊಂಡಳು.

ಇದನ್ನು ನನ್ನ ಸ್ನೇಹಿತರೊಬ್ಬರಿಗೆ, ತತ್ತ್ವಶಾಸ್ತ್ರದ ಅಧ್ಯಾಪಕರಿಗೆ, ಹೇಳಿದೆ. ಅವರು ಸಹಾನುಭೂತಿಯಿಂದಲೇ ಕೇಳಿದರು, ಆದರೆ ಒಪ್ಪಲಿಲ್ಲ. "ನಿನ್ನ ಪಶ್ಚಾತ್ತಾಪ ನಿಜ, ಅದು ವಾದವಾಗುವುದಿಲ್ಲ" ಎಂದರು. ನೆಮ್ಮದಿ ಕೊಡುತ್ತದೆಂಬ ಮಾತ್ರಕ್ಕೆ ಯಾವುದೂ ಒಳ್ಳೆಯದಾಗದು. ಮನೆಯೊಳಗಿನ ಬೆಚ್ಚನೆಯ ದೀಪ ಎಷ್ಟೋ ಸಲ ಹೊರಗಿನ ಕತ್ತಲೆಯನ್ನು ಮರೆಯುವುದಕ್ಕೆ ಅನುಕೂಲವಾಗಿಬಿಡುತ್ತದೆ ಎಂಬುದು ಅವರ ಆಕ್ಷೇಪ. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಯೂ ಇಲ್ಲ. ಈ ಹಸಿರು ಬಳೆ ಹುಟ್ಟಿದ ದೇಶದಲ್ಲೇ, ಅದು ಹುಟ್ಟಿ ನೂರು ವರ್ಷ ತುಂಬುವ ಹೊತ್ತಿಗೆ, ಅಧಿಕಾರದಲ್ಲಿದ್ದವರು ನಾತ್ಸಿಗಳು. ಅವರು ಈ ಪದ್ಧತಿಗಳನ್ನು ನಿಷೇಧಿಸುವ ಗೋಜಿಗೆ ಹೋಗಲಿಲ್ಲ, ತಮ್ಮದನ್ನಾಗಿ ಮಾಡಿಕೊಂಡರು. ಆಡ್ವೆಂಟ್ ಎಂಬ ಹೆಸರನ್ನು ಬಿಟ್ಟು 'ಕ್ರಿಸ್‌ಮಸ್ ಪೂರ್ವಕಾಲ' ಎಂಬ ಪಂಚಾಂಗವನ್ನು ಪಕ್ಷವೇ ಅಚ್ಚು ಹಾಕಿಸಿತು. ಲಕ್ಷಾಂತರ ಯೆಹೂದ್ಯರನ್ನು ಮನೆಗಳಿಂದ ಎಬ್ಬಿಸಿ ಸಾವಿಗೆ ಕಳಿಸಿದ ವರ್ಷಗಳಲ್ಲಿ, ಎಬ್ಬಿಸಿದವರ ಮನೆಗಳಲ್ಲಿ ಮಕ್ಕಳು ಬತ್ತಿ ಎಣಿಸಲಿಲ್ಲವೇ? ಎಣಿಸಿರಲೇಬೇಕು. ಆ ತಂದೆಯರಿಗೂ ಸಂಜೆ ಮನೆಗೆ ಬಂದಾಗ ಆ ಬೆಳಕು ಹಿತವಾಗಿಯೇ ಇದ್ದಿರಬೇಕು.

ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಬತ್ತಿ ಹಚ್ಚಿದವನೆಲ್ಲ ಒಳ್ಳೆಯವನಾಗಿದ್ದಿದ್ದರೆ ಲೋಕ ಎಂದೋ ನೇರ್ಪಾಗುತ್ತಿತ್ತು. ಆದರೆ ಅದೇ ದೇಶದ, ಅದೇ ವರ್ಷಗಳ ಇನ್ನೊಬ್ಬನನ್ನೂ ನೋಡಬೇಕು.

ಡೀಟ್ರಿಶ್ ಬಾನ್‌ಹೋಫರ್ ಎಂಬ ಧರ್ಮಪಂಡಿತ ನಾತ್ಸಿ ಪ್ರಭುತ್ವವನ್ನು ಎದುರಿಸಿ 1943ರ ಏಪ್ರಿಲ್‌ನಲ್ಲಿ ಬಂಧಿತನಾದ. ಆ ವರ್ಷದ ಜನವರಿಯಲ್ಲಷ್ಟೇ ಅವನಿಗೆ ಮದುವೆ ನಿಶ್ಚಯವಾಗಿತ್ತು. ನವೆಂಬರಿನಲ್ಲಿ ಬರ್ಲಿನ್ನಿನ ಟೇಗಲ್ ಸೆರೆಮನೆಯಿಂದ ಗೆಳೆಯನಿಗೆ ಬರೆದ ಪತ್ರದಲ್ಲಿ ಅವನು ಒಂದು ಹೋಲಿಕೆ ಕೊಟ್ಟಿದ್ದಾನೆ: ಸೆರೆಯ ಕೋಣೆಗೂ ಆಡ್ವೆಂಟಿಗೂ ಸಾಮ್ಯವಿದೆ, ಒಳಗಿರುವವನು ಕಾಯುತ್ತ ಏನಾದರೂ ಮಾಡಿಕೊಂಡಿರಬಹುದು, ಬಾಗಿಲನ್ನು ತೆರೆಯಬೇಕಾದವರು ಮಾತ್ರ ಹೊರಗಿದ್ದಾರೆ ಎಂಬುದು ಅದರ ತಾತ್ಪರ್ಯ. ಡಿಸೆಂಬರ್ 17ರಂದು ತಂದೆತಾಯಿಗಳಿಗೆ ಬರೆದ ಪತ್ರದಲ್ಲಿ ಅವರಿಗೆ ಕೃತಜ್ಞತೆ ಹೇಳುತ್ತಾನೆ. ಹಿಂದಿನ ಎಲ್ಲ ವರ್ಷಗಳಲ್ಲೂ ಅವರು ಹಬ್ಬವನ್ನು ಎಷ್ಟು ಚೆಲುವಾಗಿ ನಡೆಸಿದ್ದರೆಂದರೆ, ಕತ್ತಲೆಯ ಈ ಒಂದು ಹಬ್ಬಕ್ಕೆ ಆ ನೆನಪಿನ ಬೆಳಕೇ ಸಾಕು ಎಂಬ ಭಾವ ಅಲ್ಲಿದೆ. ಅವನು ಹೊರಗೆ ಬರಲಿಲ್ಲ. 1945ರ ಏಪ್ರಿಲ್ 9ರಂದು ಫ್ಲೋಸನ್‌ಬುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಬಾಲ್ಯದ ಮನೆಯ ಬತ್ತಿಗಳು ಅವನಿಗೆ ಅಪಾಯವನ್ನು ಮರೆಸಲಿಲ್ಲ. ಅಪಾಯದೊಳಗೆ ಹೋಗಿ ನಿಲ್ಲುವಾಗ ಕೈಯಲ್ಲಿ ಹಿಡಿದುಕೊಳ್ಳಲು ಅವನಿಗೆ ಇದ್ದದ್ದು ಅವೇ.

ಬತ್ತಿ ಒಂದೇ, ಪದ್ಧತಿ ಒಂದೇ. ಒಬ್ಬನನ್ನು ಅದು ಮಲಗಿಸಿತು, ಇನ್ನೊಬ್ಬನನ್ನು ನಿಲ್ಲಿಸಿತು. ವ್ಯತ್ಯಾಸ ಎಲ್ಲಿದೆ? ಇದಕ್ಕೆ ಉತ್ತರ ಹುಡುಕುತ್ತ ನಾನು ನನ್ನ ಕಸುಬಿಗೇ ಮರಳಿದೆ. ಕನ್ನಡ ಮೇಷ್ಟರಿಗೆ ದಿಕ್ಕು ತೋಚದಿದ್ದಾಗ ಕಿಟ್ಟೆಲರ ನಿಘಂಟೇ ಗತಿ. ಆ ಹಿರಿಯರೂ ಉತ್ತರ ಜರ್ಮನಿಯ ಅದೇ ಚಳಿಗಾಲದ ನೆಲದಲ್ಲಿ 1832ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಮೂಲಕ ನಮ್ಮ ನಾಡಿಗೆ ಬಂದು, ದಶಕಗಳ ದುಡಿಮೆಯ ನಂತರ 1894ರಲ್ಲಿ ಮಂಗಳೂರಿನಲ್ಲೇ ತಮ್ಮ ಕೋಶವನ್ನು ಅಚ್ಚಿನಲ್ಲಿ ಕಂಡವರು. ಆದರೆ ನನಗೆ ಬೇಕಾದ ಪದಕ್ಕೆ ನಿಘಂಟು ಸಹ ಅನಾವಶ್ಯಕ. ಅದು ಪ್ರತಿಯೊಬ್ಬ ಕನ್ನಡಿಗನ ಬಾಯಲ್ಲೂ ಇದೆ. 'ಕಾಯು' ಎಂಬ ಕ್ರಿಯಾಪದ. ಬಸ್ಸಿಗೆ ಕಾಯುತ್ತೇವೆ, ಮಗನ ಕಾಗದಕ್ಕೆ ಕಾಯುತ್ತೇವೆ. ಹೊಲ ಕಾಯುತ್ತೇವೆ, ದನ ಕಾಯುತ್ತೇವೆ, ದೇವರೇ ಕಾಯಬೇಕು ಎನ್ನುತ್ತೇವೆ. ನಿರೀಕ್ಷಿಸುವುದಕ್ಕೂ ರಕ್ಷಿಸುವುದಕ್ಕೂ ನಮ್ಮ ಹಿರಿಯರು ಎರಡು ಮಾತು ಮಾಡಲಿಲ್ಲ. ಹೊಲ ಕಾಯುವವನನ್ನು ನೆನೆದರೆ ಕಾರಣ ತಿಳಿಯುತ್ತದೆ: ಅವನು ಬೆಳೆ ಬಲಿಯಲೆಂದು ಕಾಯುತ್ತಾನೆ, ಬಲಿಯುವತನಕ ಅದನ್ನು ಹಕ್ಕಿಯಿಂದ, ಹಂದಿಯಿಂದ ಕಾಯುತ್ತಾನೆ. ಎರಡೂ ಒಂದೇ ಮಂಚಿಗೆಯ ಮೇಲೆ, ಒಂದೇ ರಾತ್ರಿಯಲ್ಲಿ ನಡೆಯುವ ಕೆಲಸ.

ನನಗೆ ತೋರುವ ಅಳತೆಗೋಲು ಇದೇ. ತಾನು ಬಯಸಿದ್ದಕ್ಕೆ ಕಾಯುತ್ತ ಮತ್ತೊಬ್ಬರನ್ನೂ ಕಾಯುವ ಮನೆಯ ನೆಮ್ಮದಿ ನ್ಯಾಯವಾದದ್ದು. ಬಾಗಿಲು ಹಾಕಿಕೊಂಡು ತನ್ನ ಪಾಲಿನದಕ್ಕೆ ಮಾತ್ರ ಕಾಯುವ ಮನೆಗೆ ಸಿಕ್ಕುವ ನೆಮ್ಮದಿ ಜೋಂಪು. ವಿಖರ್ನ್ ಚಕ್ರದ ಕಥೆಯನ್ನು ಮತ್ತೆ ನೆನೆಯಿರಿ. ಇಂದು 'ಕುಟುಂಬದ ಸಂಪ್ರದಾಯ' ಎಂದು ಮನೆಮನೆಯವರೂ ಹೇಳಿಕೊಳ್ಳುವ ಈ ಪದ್ಧತಿಯನ್ನು ಮೊದಲು ಮಾಡಿದ್ದು ಕುಟುಂಬವಿಲ್ಲದ ಮಕ್ಕಳಿಗಾಗಿ. ಸುಖವಾಗಿದ್ದ ಮನೆಗಳು ಅದನ್ನು ಅವರಿಂದ ಎರವಲು ತಂದವು. ಎರವಲು ತಂದದ್ದನ್ನು ಸ್ವಂತದ್ದೆಂದು ಬೀಗ ಹಾಕಿಕೊಳ್ಳುವುದು ಸಾಮಾನ್ಯ ಪ್ರಾಮಾಣಿಕತೆಗೂ ಸಲ್ಲದ ಮಾತು. ಇತ್ತೀಚೆಗೆ ದೊಡ್ಡ ಅಂಗಡಿಗಳಲ್ಲಿ ಸಿಕ್ಕುವ ಪಂಚಾಂಗಗಳ ಬಾಗಿಲ ಹಿಂದೆ ದಿನಕ್ಕೊಂದು ಚಾಕೊಲೇಟ್, ಸೌಂದರ್ಯಸಾಧನ, ಮದ್ಯದ ಪುಟ್ಟ ಶೀಷೆ ಕೂಡ ಇರುತ್ತದೆ. ಕಾಯುವುದನ್ನು ಕಲಿಸಲು ಹುಟ್ಟಿದ ವಸ್ತು, ಯಾವುದಕ್ಕೂ ಕಾಯಬೇಕಾಗಿಲ್ಲವೆಂದು ಕಲಿಸುವ ಸ್ಥಿತಿಗೆ ಬಂದಿದೆ. ಇದರಿಂದ ನಾವೇನೂ ಎದೆ ತಟ್ಟಿಕೊಳ್ಳಬೇಕಾಗಿಲ್ಲ. ನಮ್ಮ ಹಬ್ಬಗಳ ಗತಿಯೂ ಅದೇ.

ಬಾಯಮ್ಮನ ಯಜಮಾನರು 2017ರ ಮಳೆಗಾಲದಲ್ಲಿ ತೀರಿಕೊಂಡರು. ಮಗ ಬಂದು ಹದಿನೈದು ದಿನ ಇದ್ದು ಹೊರಟುಹೋದ. ಆ ವರ್ಷ ಆಗಮನ ಕಾಲ ಡಿಸೆಂಬರ್ 3ಕ್ಕೆ ಪ್ರಾರಂಭವಾಯಿತು. ನಾಲ್ಕನೆಯ ಭಾನುವಾರವೂ ಕ್ರಿಸ್‌ಮಸ್ಸಿನ ಮುನ್ನಾದಿನವೂ ಒಂದೇ. ಈ ಸಲ ಆಕೆ ಬತ್ತಿ ಹಚ್ಚುವುದಿಲ್ಲವೆಂದೇ ನಾವು ಎಣಿಸಿದ್ದೆವು. ಆದರೆ ಸಂಜೆ ಕರೆ ಬಂತು. ಹೋದರೆ ಮೇಜಿನ ಬಳಿ ನಮಗಿಂತ ಮುಂಚೆ ಒಬ್ಬ ಹುಡುಗ ಕುಳಿತಿದ್ದ. ಎದುರಿನ ನಿವೇಶನದಲ್ಲಿ ಕಟ್ಟಡ ಏಳುತ್ತಿತ್ತು; ಅದರ ಕೆಲಸಕ್ಕೆ ಕೊಪ್ಪಳದ ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲಿದ್ದವರ ಮಗ, ಐದು ವರ್ಷದವನಿರಬಹುದು. ನನ್ನ ಮಗಳಿಗಿಂತ ಚಿಕ್ಕವನು ಸಿಕ್ಕಿದ್ದರಿಂದ ಹಚ್ಚುವ ಹಕ್ಕು ಅವನಿಗೆ ಹೋಗಿತ್ತು. ಅವಳಿಗೆ ಸ್ವಲ್ಪ ಮುನಿಸು ಬಂತೆಂಬುದನ್ನೂ ಇಲ್ಲಿ ಹೇಳಬೇಕು.

ಹುಡುಗ ಬತ್ತಿ ಹಚ್ಚಿದ. ಉಳಿದ ಮೂರನ್ನು ನೋಡಿದ. ನಾಲ್ಕು ಕುರ್ಚಿಗಳಲ್ಲಿ ಒಂದನ್ನು ಯಾರೂ ಎಳೆದುಕೊಳ್ಳದೆ ಬಿಟ್ಟಿದ್ದನ್ನೂ ನೋಡಿದ. "ಯಾರ್ ಬರ್ತಾರ್ರೀ ಅಮ್ಮಾ?" ಎಂದು ಕೇಳಿದ.

ನಾನು ತಲೆ ತಗ್ಗಿಸಿದೆ. ಹಿಂದಿನ ವರ್ಷ ನಾನು ಅರ್ಧಕ್ಕೆ ನುಂಗಿದ್ದ ಪ್ರಶ್ನೆ ಅದೇ. ಬಾಯಮ್ಮ ಆ ಹುಡುಗನ ಕೈ ತೆಗೆದುಕೊಂಡು ಬೆರಳು ಮಡಿಸುತ್ತ ಎಣಿಸತೊಡಗಿದರು. "ಇನ್ನು ಮೂರು ಆದಿತ್ಯವಾರ. ಬರುವ ವಾರ ಒಂದು, ಅದರಾಚೆ ಒಂದು..."

ಅವನು ಬಾಕಿ ಮೂರು ಭಾನುವಾರವೂ ತಪ್ಪದೆ ಬಂದ. ಮೂರನೆಯ ವಾರದ ಹೊತ್ತಿಗೆ ಕೈ ತೊಳೆದು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬರುತ್ತಿದ್ದ. ಮಗಳ ಮುನಿಸೂ ಆರಿತ್ತು. ಹಬ್ಬದ ಬೆಳಗ್ಗೆ ಕುಸ್ವಾರಿನ ಮೊದಲ ತಟ್ಟೆ ತಗಡಿನ ಶೆಡ್ಡಿಗೆ ಹೋದದ್ದನ್ನು ನಾನು ಕಿಟಕಿಯಿಂದ ಕಂಡೆ. ಆ ಕೆಲಸ ಮುಗಿದ ಮೇಲೆ ಅವರು ಬೇರೆಲ್ಲಿಗೋ ಹೋದರು.

ಇದರಿಂದ ಬಾಯಮ್ಮನ ದುಃಖ ತೀರಿತೆಂದು ನಾನು ಹೇಳಲಾರೆ. ಆ ನಾಲ್ಕು ವಾರಗಳಲ್ಲಿ ಆಕೆ ಅತ್ತದ್ದು ಗೋಡೆಯಾಚ ನಮಗೂ ಕೇಳಿಸಿದ್ದುಂಟು. ಸಂಪ್ರದಾಯದ ಸಮಾಧಾನದಿಂದ ಯಾರೂ ಅದಕ್ಕಿಂತ ಹೆಚ್ಚಿನದನ್ನು ಬಯಸಬಾರದೆಂದು ನನಗೆ ತೋರುತ್ತದೆ. ಕಳೆದದ್ದನ್ನು ಅದು ತಂದುಕೊಡುವುದಿಲ್ಲ. ಮುಂದಿನ ಭಾನುವಾರದವರೆಗೆ ನಡೆಸಿಕೊಂಡು ಹೋಗುತ್ತದೆ. ಹೋಗುವಾಗ ಇನ್ನೊಬ್ಬರ ಕೈ ಹಿಡಿದುಕೊಳ್ಳಲು ಅವಕಾಶ ಕೊಡುತ್ತದೆ.

2019ರಲ್ಲಿ ನಾವು ಬೆಂಗಳೂರಿಗೆ ಹಿಂದಿರುಗಿದೆವು. ಆ ವರ್ಷ ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ನಾನೇ ಒಂದು ತೆಂಗಿನ ಚಿಪ್ಪಿಗೆ ಮಣ್ಣು ತುಂಬಿದೆ. ರಾಗಿಯನ್ನು ಮಗಳು ಉದುರಿಸಿದಳು. ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಬೊಂಬೆಗಳ ಬಣ್ಣ ಅಲ್ಲಲ್ಲಿ ಹೋಗಿತ್ತು. ಪಟ್ಟದ ರಾಣಿಯ ಒಂದು ಕೈ ಮುರಿದಿತ್ತು. ಹಾಗೆಯೇ ಕೂರಿಸಿದೆವು. ನೋಡಬೇಕಾಗಿದ್ದವಳು ಬರುವುದಿಲ್ಲವೆಂದು ನನಗೆ ಗೊತ್ತು. ಬೆಳಗ್ಗೆ ಎದ್ದು ಒಂದು ಚಮಚ ನೀರು ಚಿಮುಕಿಸುತ್ತೇನೆ.